ಕುದಿಬಿಂದುವಿನಿಂದ ಕುದಿವ್ಯಾಪ್ತಿಗೆ: ದ್ವಿಘಟಕ ಮಿಶ್ರಣಗಳ ಉಷ್ಣತೆ–ಸಂಯೋಜನೆ ನಕ್ಷೆಯನ್ನು ಓದುವ ಬಗೆ

ಕನ್ನಡದಲ್ಲಿ ವಿಜ್ಞಾನ ಬರವಣಿಗೆಯ ಪ್ರಶ್ನೆಯನ್ನು ಚರ್ಚಿಸುವಾಗ ಪಾರಿಭಾಷಿಕ ಪದಗಳ ಕೊರತೆಯ ಬಗ್ಗೆ ಸಾಕಷ್ಟು ವಿಚಾರ ನಡೆದಿದೆ. ಆದರೆ ವಿಜ್ಞಾನವು ಪದಗಳ ಮೂಲಕ ಮಾತ್ರವಲ್ಲದೆ ನಕ್ಷೆಗಳ ಮೂಲಕವೂ ಮಾತನಾಡುತ್ತದೆ. ನಕ್ಷೆಯ ಗೆರೆಯನ್ನು ಎಳೆಯಬಲ್ಲ ವಿದ್ಯಾರ್ಥಿಗೆ ಆ ಗೆರೆ ಏನು ಹೇಳುತ್ತದೆ ಎಂಬುದನ್ನು ತನ್ನ ಮಾತಿನಲ್ಲಿ ವಿವರಿಸಲು ಬಾರದಿದ್ದರೆ ತಿಳಿವಳಿಕೆ ಅರ್ಧಕ್ಕೇ ನಿಂತಂತೆ. ಹೇಮಗುಡ್ಡ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂಥ ಊರುಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಪದವಿಪೂರ್ವ ಹಂತದಲ್ಲಿ ಇಂಗ್ಲಿಷ್ ಮಾಧ್ಯಮದ ವಿಜ್ಞಾನವನ್ನು ಎದುರುಗೊಳ್ಳುವಾಗ ಈ ತೊಡಕು ಎದ್ದು ಕಾಣುತ್ತದೆ. ಅಂಥ ನಕ್ಷೆಗಳಲ್ಲಿ ಒಂದಾದ, ಎರಡು ಘಟಕಗಳ ಮಿಶ್ರಣದ ಆವಿ–ದ್ರವ ಸಮತೋಲವನ್ನು ತೋರಿಸುವ ಉಷ್ಣತೆ–ಸಂಯೋಜನೆ ನಕ್ಷೆಯನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ. ಎಥನಾಲ್ ಮತ್ತು ನೀರಿನ ಮಿಶ್ರಣವನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಳ್ಳಲಾಗಿದೆ.

1. ‘ಕುದಿಬಿಂದು’ ಎಂಬ ಪರಿಕಲ್ಪನೆಯ ಮಿತಿ

ಶುದ್ಧ ನೀರನ್ನು ಸಮುದ್ರಮಟ್ಟದ ವಾಯುಒತ್ತಡದಲ್ಲಿ ಕಾಯಿಸಿದರೆ ಅದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯತೊಡಗುತ್ತದೆ. ಕೊನೆಯ ಹನಿ ಆವಿಯಾಗುವವರೆಗೂ ಉಷ್ಣತೆ ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದಲೇ ಅದನ್ನು ‘ಬಿಂದು’ ಎಂದು ಕರೆಯುವುದು ಸಾರ್ಥಕ. ಶುದ್ಧ ಎಥನಾಲಿನ ಕುದಿಬಿಂದು ಸುಮಾರು 78.4 ಡಿಗ್ರಿ. ಇವೆರಡನ್ನೂ ಬೆರೆಸಿ ಕಾಯಿಸಿದಾಗ 78.4ರಲ್ಲಿ ಎಥನಾಲ್ ಮೊದಲು ಪೂರ್ಣವಾಗಿ ಹೊರಟುಹೋಗಿ, ನಂತರ 100ರಲ್ಲಿ ನೀರು ಕುದಿಯುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ತಪ್ಪು. ಕುದಿಯುವ ಮಿಶ್ರಣದಿಂದ ಎರಡೂ ಘಟಕಗಳು ಒಟ್ಟಿಗೇ ಹೊರಬೀಳುತ್ತವೆ. ಹೆಚ್ಚು ಬಾಷ್ಪಶೀಲವಾದ ಘಟಕದ ಪಾಲು ಆವಿಯಲ್ಲಿ ಹೆಚ್ಚಿರುತ್ತದೆ, ಅಷ್ಟೇ. ಆ ಘಟಕ ಕಡಿಮೆಯಾದಂತೆಲ್ಲ ಉಳಿದ ದ್ರವದ ಕುದಿಯುವ ಉಷ್ಣತೆ ಏರುತ್ತ ಹೋಗುತ್ತದೆ. ಆದ್ದರಿಂದ ಇಂಥ ಮಿಶ್ರಣಕ್ಕೆ ಕುದಿಬಿಂದುವಿನ ಬದಲು ಒಂದು ಕುದಿವ್ಯಾಪ್ತಿ ಇರುತ್ತದೆ. ಉಷ್ಣತೆ–ಸಂಯೋಜನೆ ನಕ್ಷೆಯು ಈ ವ್ಯಾಪ್ತಿಯ ಚಿತ್ರವಾಗಿದೆ.

2. ನಕ್ಷೆಯ ರಚನೆ

ನಕ್ಷೆಯ ಲಂಬ ಅಕ್ಷದಲ್ಲಿ ಉಷ್ಣತೆಯನ್ನೂ ಅಡ್ಡ ಅಕ್ಷದಲ್ಲಿ ಸಂಯೋಜನೆಯನ್ನೂ ಗುರುತಿಸಲಾಗುತ್ತದೆ. ಒತ್ತಡವನ್ನು ಸ್ಥಿರವಾಗಿ ಇಟ್ಟುಕೊಳ್ಳಲಾಗುತ್ತದೆ. ಸಂಯೋಜನೆಯನ್ನು ಮೋಲ್ ಅಂಶದಲ್ಲಿ, ಎಂದರೆ ನೂರು ಅಣುಗಳಲ್ಲಿ ಎಥನಾಲಿನ ಅಣುಗಳೆಷ್ಟು ಎಂಬ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಎಡತುದಿ ಶುದ್ಧ ನೀರು; ಬಲತುದಿ ಶುದ್ಧ ಎಥನಾಲ್.

ಈ ಎರಡು ತುದಿಗಳ ನಡುವೆ ಎರಡು ಗೆರೆಗಳು ಹಾಯುತ್ತವೆ. ಕೆಳಗಿನದು ಗುಳ್ಳೆ ರೇಖೆ. ದ್ರವವನ್ನು ಕಾಯಿಸುತ್ತ ಹೋದಾಗ ಮೊದಲ ಆವಿಗುಳ್ಳೆ ಏಳುವ ಉಷ್ಣತೆಯನ್ನು ಇದು ಸೂಚಿಸುತ್ತದೆ. ಮೇಲಿನದು ಇಬ್ಬನಿ ರೇಖೆ. ಆವಿಯನ್ನು ತಣಿಸುತ್ತ ಬಂದಾಗ ಮೊದಲ ಹನಿ ಕಟ್ಟುವ ಉಷ್ಣತೆಯನ್ನು ಇದು ಹೇಳುತ್ತದೆ. ಗುಳ್ಳೆ ರೇಖೆಯ ಕೆಳಗೆ ದ್ರವ ಮಾತ್ರ, ಇಬ್ಬನಿ ರೇಖೆಯ ಮೇಲೆ ಆವಿ ಮಾತ್ರ ಇರುತ್ತದೆ. ಎರಡರ ನಡುವಿನ ಪ್ರದೇಶದಲ್ಲಿ ದ್ರವವೂ ಆವಿಯೂ ಸಮತೋಲದಲ್ಲಿ ಕೂಡಿ ಇರುತ್ತವೆ.

ಒಂದು ಸಮತಲ ಗೆರೆಯನ್ನು, ಎಂದರೆ ಒಂದೇ ಉಷ್ಣತೆಯ ಗೆರೆಯನ್ನು ಎಳೆದರೆ ಅದು ಗುಳ್ಳೆ ರೇಖೆಯನ್ನು ಕಡಿಯುವ ಬಿಂದು ದ್ರವದ ಸಂಯೋಜನೆಯನ್ನೂ, ಇಬ್ಬನಿ ರೇಖೆಯನ್ನು ಕಡಿಯುವ ಬಿಂದು ಆವಿಯ ಸಂಯೋಜನೆಯನ್ನೂ ನೀಡುತ್ತದೆ. ಇದನ್ನು ಜೋಡಣೆ ರೇಖೆ ಎನ್ನಬಹುದು. ಉಷ್ಣತೆಯೊಂದನ್ನೇ ಹೇಳಿದರೆ ಎರಡು ಸಂಯೋಜನೆಗಳೂ ಹೇಗೆ ನಿಶ್ಚಿತವಾಗುತ್ತವೆ ಎಂಬ ಪ್ರಶ್ನೆಗೆ ಜೆ. ವಿಲ್ಲಾರ್ಡ್ ಗಿಬ್ಸ್ 1870ರ ದಶಕದಲ್ಲಿ ನಿರೂಪಿಸಿದ ಪ್ರಾವಸ್ಥಾ ನಿಯಮದಲ್ಲಿ ಉತ್ತರವಿದೆ. ಘಟಕಗಳ ಸಂಖ್ಯೆಯಿಂದ ಪ್ರಾವಸ್ಥೆಗಳ ಸಂಖ್ಯೆಯನ್ನು ಕಳೆದು ಎರಡನ್ನು ಕೂಡಿಸಿದರೆ ಸ್ವತಂತ್ರವಾಗಿ ಬದಲಿಸಬಹುದಾದ ಅಂಶಗಳ ಸಂಖ್ಯೆ ದೊರೆಯುತ್ತದೆ. ಇಲ್ಲಿ ಘಟಕಗಳು ಎರಡು, ಪ್ರಾವಸ್ಥೆಗಳು ಎರಡು. ಆದ್ದರಿಂದ ಸ್ವಾತಂತ್ರ್ಯವೂ ಎರಡು. ಒತ್ತಡವನ್ನು ಮೊದಲೇ ಸ್ಥಿರಗೊಳಿಸಿದ್ದರಿಂದ ಉಳಿಯುವುದು ಒಂದು ಮಾತ್ರ. ಅದನ್ನು ಉಷ್ಣತೆಗೆ ಕೊಟ್ಟ ಮೇಲೆ ಸಂಯೋಜನೆಗಳಿಗೆ ಆಯ್ಕೆ ಉಳಿಯುವುದಿಲ್ಲ.

3. ಒಂದು ಮಿಶ್ರಣದ ಪಯಣ ಮತ್ತು ಸನ್ನೆ ನಿಯಮ

ನೂರರಲ್ಲಿ ಸುಮಾರು 7 ಎಥನಾಲ್ ಅಣುಗಳಿರುವ ಮಿಶ್ರಣವೊಂದನ್ನು ಗಮನಿಸಬಹುದು. ಎಥನಾಲಿನ ಅಣು ನೀರಿನ ಅಣುವಿಗಿಂತ ಎರಡೂವರೆ ಪಟ್ಟು ಭಾರವಾದುದರಿಂದ ತೂಕದ ಲೆಕ್ಕದಲ್ಲಿ ಇದು ಸುಮಾರು ಶೇ. 16 ಆಗುತ್ತದೆ. ಇದನ್ನು ಸ್ಥಿರ ಒತ್ತಡದಲ್ಲಿ, ಏನೂ ಹೊರಹೋಗದಂತೆ ಕಾಯಿಸಿದರೆ ಸುಮಾರು 89 ಡಿಗ್ರಿಯಲ್ಲಿ ಮೊದಲ ಗುಳ್ಳೆ ಏಳುತ್ತದೆ. ಆ ಗುಳ್ಳೆಯಲ್ಲಿ ನೂರಕ್ಕೆ ಸುಮಾರು 39 ಎಥನಾಲ್ ಅಣುಗಳಿರುತ್ತವೆ. ಕಾಯಿಸುತ್ತ ಹೋದಂತೆ ದ್ರವದಲ್ಲಿ ಎಥನಾಲಿನ ಪಾಲು ತಗ್ಗುತ್ತದೆ. ಆವಿಯ ಮೊತ್ತ ಬೆಳೆದಂತೆ ಅದರಲ್ಲಿಯೂ ಎಥನಾಲಿನ ಪಾಲು ತಗ್ಗುತ್ತದೆ. ಸುಮಾರು 98 ಡಿಗ್ರಿಯಲ್ಲಿ ಕೊನೆಯ ಹನಿ ಮಾಯವಾದಾಗ ಆವಿಯ ಸಂಯೋಜನೆ ಮೂಲ ಮಿಶ್ರಣದಷ್ಟೇ ಆಗಿರುತ್ತದೆ. 89ರಿಂದ 98ರವರೆಗಿನ ಈ ಅಂತರವೇ ಆ ಮಿಶ್ರಣದ ಕುದಿವ್ಯಾಪ್ತಿ.

ದ್ರವ ಎಷ್ಟು, ಆವಿ ಎಷ್ಟು ಎಂಬುದನ್ನೂ ಇದೇ ನಕ್ಷೆಯಿಂದ ತಿಳಿಯಬಹುದು. ಉದಾಹರಣೆಗೆ, ಒಟ್ಟು ಮಿಶ್ರಣದಲ್ಲಿ ನೂರಕ್ಕೆ 20 ಎಥನಾಲ್ ಅಣುಗಳಿದ್ದು ಉಷ್ಣತೆ 86.7 ಡಿಗ್ರಿಯಾಗಿದೆ ಎಂದಿಟ್ಟುಕೊಳ್ಳೋಣ. ಆ ಉಷ್ಣತೆಯಲ್ಲಿ ದ್ರವದ ಸಂಯೋಜನೆ 9.7, ಆವಿಯದು 43.8. ಒಟ್ಟು ಸಂಯೋಜನೆಯಾದ 20, ದ್ರವದ ತುದಿಯಿಂದ 10.3ರಷ್ಟು ದೂರದಲ್ಲಿದೆ. ಜೋಡಣೆ ರೇಖೆಯ ಪೂರ್ಣ ಉದ್ದ 34.1. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 0.30 ಬರುತ್ತದೆ. ಎಂದರೆ ನೂರು ಅಣುಗಳಲ್ಲಿ 30 ಆವಿಯಲ್ಲಿಯೂ 70 ದ್ರವದಲ್ಲಿಯೂ ಇವೆ. ತಕ್ಕಡಿಯ ದಂಡದಲ್ಲಿ ಭಾರವಾದ ತಟ್ಟೆಯ ಕಡೆಗೆ ಆಧಾರ ಹತ್ತಿರವಿದ್ದರೆ ಮಾತ್ರ ಸಮತೂಕ ಬರುವಂತೆ, ಇಲ್ಲಿಯೂ ಹೆಚ್ಚಿರುವ ಪ್ರಾವಸ್ಥೆಯ ತುದಿಗೆ ಒಟ್ಟು ಸಂಯೋಜನೆಯ ಬಿಂದು ಹತ್ತಿರವಿರುತ್ತದೆ. ಆದ್ದರಿಂದ ಇದಕ್ಕೆ ಸನ್ನೆ ನಿಯಮ ಎಂಬ ಹೆಸರು ಒಪ್ಪುತ್ತದೆ.

4. ಬಟ್ಟಿ ಇಳಿಸುವುದು: ನಕ್ಷೆಯ ಮೇಲಿನ ಮೆಟ್ಟಿಲುಗಳು

ಹೆಂಡ ಮತ್ತು ಸೇಂದಿ ಹುದುಗಿದ ಪಾನೀಯಗಳು. ಸಾರಾಯಿ ಬಟ್ಟಿ ಇಳಿಸಿದ್ದು. ಈ ವ್ಯತ್ಯಾಸವನ್ನು ಆಡುಭಾಷೆ ಬಹುಹಿಂದೆಯೇ ಗುರುತಿಸಿಕೊಂಡಿದೆ. ಒಮ್ಮೆ ಕುದಿಸಿ, ಆವಿಯನ್ನು ತಣಿಸಿ ಹಿಡಿದರೆ ನಕ್ಷೆಯಲ್ಲಿ ಒಂದು ಮೆಟ್ಟಿಲು ಹತ್ತಿದಂತಾಗುತ್ತದೆ. ನೂರಕ್ಕೆ 7 ಇದ್ದದ್ದು ಮೊದಲ ಆವಿಯಲ್ಲಿ 39 ಆಗುತ್ತದೆ. ಅದನ್ನು ತಣಿಸಿ ಮತ್ತೆ ಕುದಿಸಿದರೆ ಬರುವ ಮೊದಲ ಆವಿಯಲ್ಲಿ ಸುಮಾರು 61, ಮುಂದಿನದರಲ್ಲಿ 70, ಅದರ ಮುಂದಿನದರಲ್ಲಿ 75. ಕೈಗಾರಿಕೆಯಲ್ಲಿ ಇಂಥ ಅನೇಕ ಮೆಟ್ಟಿಲುಗಳನ್ನು ಒಂದೇ ಎತ್ತರದ ಸ್ತಂಭದೊಳಗೆ ತಟ್ಟೆಗಳ ರೂಪದಲ್ಲಿ ಜೋಡಿಸಲಾಗುತ್ತದೆ. ಆವಿ ಮೇಲೇರುತ್ತದೆ, ದ್ರವ ಕೆಳಗಿಳಿಯುತ್ತದೆ. ಪ್ರತಿ ತಟ್ಟೆಯಲ್ಲಿಯೂ ಎರಡೂ ಸಂಧಿಸಿ ಸಮತೋಲಕ್ಕೆ ಹತ್ತಿರವಾಗುತ್ತವೆ. ಇದೇ ಆಂಶಿಕ ಆಸವನ.

ಮೇಲಿನ ಅಂಕಿಗಳಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಮೊದಲ ಮೆಟ್ಟಿಲಿನ ಗಳಿಕೆ 32. ನಂತರ 22, 9, 5. ಮೆಟ್ಟಿಲುಗಳು ಕಿರಿದಾಗುತ್ತ ಹೋಗುವುದಕ್ಕೆ ಕಾರಣ, ಬಲಕ್ಕೆ ಸಾಗಿದಂತೆ ಎರಡು ಗೆರೆಗಳು ಒಂದಕ್ಕೊಂದು ಸಮೀಪಿಸುವುದು.

5. ಎರಡು ಗೆರೆಗಳು ಕೂಡುವ ಸ್ಥಾನ

ನೂರಕ್ಕೆ 89.4 ಎಥನಾಲ್ ಅಣುಗಳಿರುವಲ್ಲಿ, ತೂಕದ ಲೆಕ್ಕದಲ್ಲಿ ಶೇ. 95.6ರಲ್ಲಿ, ಗುಳ್ಳೆ ರೇಖೆ ಮತ್ತು ಇಬ್ಬನಿ ರೇಖೆಗಳು ಒಂದನ್ನೊಂದು ಮುಟ್ಟುತ್ತವೆ. ಅಲ್ಲಿಯ ಉಷ್ಣತೆ ಸುಮಾರು 78.15 ಡಿಗ್ರಿ, ಶುದ್ಧ ಎಥನಾಲಿಗಿಂತಲೂ ತುಸು ಕಡಿಮೆ. ಈ ಸ್ಥಾನದಲ್ಲಿ ಆವಿಯ ಸಂಯೋಜನೆಯೂ ದ್ರವದ ಸಂಯೋಜನೆಯೂ ಒಂದೇ ಆಗಿರುವುದರಿಂದ ಎಷ್ಟು ಸಲ ಬಟ್ಟಿ ಇಳಿಸಿದರೂ ಮುಂದಕ್ಕೆ ಸಾಗಲಾಗದು. ಇಂಥ ಮಿಶ್ರಣಕ್ಕೆ ಅಜಿಯೋಟ್ರೋಪ್ ಎಂದು ಹೆಸರು. ಎಥನಾಲ್ ಮತ್ತು ನೀರಿನ ಅಣುಗಳು ಪರಸ್ಪರ ಒಗ್ಗುವುದಕ್ಕಿಂತ ತಮ್ಮ ತಮ್ಮಲ್ಲಿ ಹೆಚ್ಚು ಒಗ್ಗುವುದರಿಂದ, ಮಿಶ್ರಣದಿಂದ ಹೊರಬೀಳುವ ಪ್ರವೃತ್ತಿ ರೌಲ್ಟ್ ನಿಯಮ ಸೂಚಿಸುವುದಕ್ಕಿಂತ ಹೆಚ್ಚಾಗುತ್ತದೆ. ಇದಕ್ಕೆ ತದ್ವಿರುದ್ಧ ನಿದರ್ಶನ ನೈಟ್ರಿಕ್ ಆಮ್ಲ ಮತ್ತು ನೀರು. ಅಲ್ಲಿ ತೂಕದಲ್ಲಿ ಸುಮಾರು ಶೇ. 68 ಆಮ್ಲವಿರುವ ಮಿಶ್ರಣ ಎರಡು ಘಟಕಗಳಿಗಿಂತಲೂ ಹೆಚ್ಚಿನ, 120 ಡಿಗ್ರಿಯಷ್ಟು ಉಷ್ಣತೆಯಲ್ಲಿ ಕುದಿಯುತ್ತದೆ.

ಈ ಒಂದು ಬಿಂದುವಿಗೆ ಕರ್ನಾಟಕದ ಸಕ್ಕರೆ ಸೀಮೆಯಲ್ಲಿ ದೊಡ್ಡ ಆರ್ಥಿಕ ಮಹತ್ವವಿದೆ. ದೇಶದಲ್ಲಿ 2003ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಿಗೆ ಶೇ. 5ರ ಮಟ್ಟದಲ್ಲಿ ಆರಂಭವಾದ ಪೆಟ್ರೋಲ್–ಎಥನಾಲ್ ಮಿಶ್ರಣ ಯೋಜನೆ 2025ರಲ್ಲಿ ಶೇ. 20ರ ಮಟ್ಟ ಮುಟ್ಟಿತು. ಪೆಟ್ರೋಲಿಗೆ ಬೆರೆಸುವ ಎಥನಾಲ್ ಬಹುತೇಕ ನೀರಿಲ್ಲದ್ದಾಗಿರಬೇಕು. ನೀರು ಹೆಚ್ಚಾದರೆ ಮಿಶ್ರಣ ಎರಡು ಪದರಗಳಾಗಿ ಒಡೆಯುತ್ತದೆ. ಕಾಕಂಬಿ, ಕಬ್ಬಿನ ಹಾಲು ಅಥವಾ ಮೆಕ್ಕೆಜೋಳದಿಂದ ತಯಾರಾದ ಎಥನಾಲನ್ನು ಸ್ತಂಭಗಳು ಅಜಿಯೋಟ್ರೋಪಿನ ಸಮೀಪದವರೆಗೆ ಮಾತ್ರ ಒಯ್ಯಬಲ್ಲವು. ಉಳಿದ ಹಾದಿಗೆ ಬೇರೆ ಉಪಾಯ ಬೇಕು. ಹಿಂದೆ ಬೆಂಜೀನ್ ಮುಂತಾದ ಮೂರನೆಯ ಘಟಕವನ್ನು ಸೇರಿಸಿ ನೀರನ್ನು ತೆಗೆಯುತ್ತಿದ್ದರು. ಈಗ ವ್ಯಾಪಕವಾಗಿ ಬಳಕೆಯಲ್ಲಿರುವುದು ಅಣುಜರಡಿ. ಅದರ ರಂಧ್ರಗಳು ನೀರಿನ ಅಣುವನ್ನು ಒಳಗೆ ಸೇರಿಸಿಕೊಂಡು, ದೊಡ್ಡದಾದ ಎಥನಾಲ್ ಅಣುವನ್ನು ಹೊರಗೇ ಉಳಿಸುತ್ತವೆ.

6. ಒತ್ತಡ ಮತ್ತು ಪ್ರದೇಶ

ಪಠ್ಯಪುಸ್ತಕದ ನಕ್ಷೆಗಳು ಸಾಮಾನ್ಯವಾಗಿ ಸಮುದ್ರಮಟ್ಟದ ಒತ್ತಡಕ್ಕೆ ಸೇರಿದವು. ಗಂಗಾವತಿ, ಹೇಮಗುಡ್ಡ, ಕೊಪ್ಪಳಗಳ ಸೀಮೆ ಸುಮಾರು 400ರಿಂದ 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಶುದ್ಧ ನೀರು 98 ಮತ್ತು 99 ಡಿಗ್ರಿಗಳ ನಡುವೆಯೇ ಕುದಿಯುತ್ತದೆ. ಇಡೀ ನಕ್ಷೆ ತುಸು ಕೆಳಕ್ಕೆ ಸರಿಯುತ್ತದೆ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯ ಅಳತೆ ಪುಸ್ತಕದ ಅಂಕಿಗೆ ಒಂದೂವರೆ ಡಿಗ್ರಿ ಕಡಿಮೆ ಬಂದರೆ ಅದು ಆತನ ತಪ್ಪಾಗಿರಬೇಕಿಲ್ಲ. ಒತ್ತಡವನ್ನು ತೀರ ತಗ್ಗಿಸಿ, ವಾಯುಒತ್ತಡದ ಹತ್ತನೆಯ ಒಂದು ಭಾಗಕ್ಕಿಂತಲೂ ಕೆಳಗೆ ತಂದರೆ ಎಥನಾಲ್–ನೀರಿನ ಅಜಿಯೋಟ್ರೋಪೇ ಇಲ್ಲವಾಗುತ್ತದೆ. ಒತ್ತಡದೊಂದಿಗೆ ಸ್ಥಾನ ಬದಲಿಸುವ ಈ ಗುಣದಿಂದಲೇ ಅದು ಸಂಯುಕ್ತವಲ್ಲ, ಮಿಶ್ರಣವೇ ಎಂಬುದು ಸ್ಪಷ್ಟವಾಗುತ್ತದೆ.

7. ಪ್ರಾಣವಾಯು ಮತ್ತು ವಿಷ

ಗಾಳಿಯನ್ನು ಸ್ಥೂಲವಾಗಿ ನೈಟ್ರೋಜನ್ ಮತ್ತು ಆಕ್ಸಿಜನ್‌ಗಳ ದ್ವಿಘಟಕ ಮಿಶ್ರಣವೆಂದು ಭಾವಿಸಬಹುದು. ನೈಟ್ರೋಜನ್ ಮೈನಸ್ 195.8 ಡಿಗ್ರಿಯಲ್ಲಿ, ಆಕ್ಸಿಜನ್ ಮೈನಸ್ 183 ಡಿಗ್ರಿಯಲ್ಲಿ ಕುದಿಯುತ್ತವೆ. ಇವುಗಳ ನಕ್ಷೆಯಲ್ಲಿ ಗೆರೆಗಳು ತುದಿಗಳಲ್ಲಿ ಮಾತ್ರ ಕೂಡುತ್ತವೆ, ನಡುವೆ ಎಲ್ಲಿಯೂ ಮುಟ್ಟುವುದಿಲ್ಲ. ಆದ್ದರಿಂದ ಸಾಕಷ್ಟು ತಟ್ಟೆಗಳಿದ್ದರೆ ಆಕ್ಸಿಜನ್ನನ್ನು ಬೇಕಾದಷ್ಟು ಶುದ್ಧವಾಗಿ ಪಡೆಯಬಹುದು. ಉಕ್ಕಿನ ಕಾರ್ಖಾನೆಗಳಿಗೆ ಆಕ್ಸಿಜನ್ ಅಗತ್ಯವಾದುದರಿಂದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಇಂಥ ಸ್ಥಾವರಗಳಿವೆ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಅಲ್ಲಿಂದ ದ್ರವ ಆಕ್ಸಿಜನ್ ಆಸ್ಪತ್ರೆಗಳಿಗೆ ಹೋಯಿತು.

ಮೆಥನಾಲ್ ಮತ್ತು ಎಥನಾಲ್‌ಗಳ ನಕ್ಷೆಯ ಪಾಠ ಬೇರೆಯದು. ಮೆಥನಾಲ್ 64.7 ಡಿಗ್ರಿಯಲ್ಲಿ ಕುದಿಯುತ್ತದೆ. ಆದ್ದರಿಂದ ಬಟ್ಟಿಯ ಮೊದಲ ಹನಿಗಳನ್ನು ಚೆಲ್ಲಿದರೆ ವಿಷವೆಲ್ಲ ಹೋಗುತ್ತದೆ ಎಂಬ ನಂಬಿಕೆ ಇದೆ. ನಕ್ಷೆ ಇದನ್ನು ಒಪ್ಪುವುದಿಲ್ಲ. ಇಲ್ಲಿ ಎರಡು ಗೆರೆಗಳ ನಡುವಿನ ಅಂತರ ಕಿರಿದು. ನೂರಕ್ಕೆ 10 ಮೆಥನಾಲ್ ಅಣುಗಳಿರುವ ದ್ರವದಿಂದ ಏಳುವ ಆವಿಯಲ್ಲಿ ಅದು ಸುಮಾರು 16 ಮಾತ್ರ. ಎಂದರೆ ವಿಷದ ಬಹುಪಾಲು ಹಿಂದೆಯೇ ಉಳಿದು ನಂತರದ ಹನಿಗಳೊಂದಿಗೂ ಬರುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು, ಸಾರಾಯಿ ನಿಷೇಧ ಜಾರಿಯಾದ 2007ರ ಮರುವರ್ಷ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗಗಳಲ್ಲಿ 150ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಮೆಥನಾಲ್ ಬೆರೆತ ಮದ್ಯ. ಬೆರೆತ ವಿಷವನ್ನು ಮನೆಯ ಬಟ್ಟಿಯಿಂದ ಬೇರ್ಪಡಿಸಲಾಗದು ಎಂಬುದನ್ನು ಜನಭಾಷೆಯಲ್ಲಿ ಹೇಳುವುದು ಕೇವಲ ಶೈಕ್ಷಣಿಕ ಅಗತ್ಯವಲ್ಲ.

8. ಪದಗಳ ನೆಲೆ

ಈ ವಿವರಣೆಯ ಬೆಳಕಿನಲ್ಲಿ ಕೆಲವು ಪದಗಳನ್ನು ಮರುಪರಿಶೀಲಿಸಬಹುದು. ‘ಬಟ್ಟಿ ಇಳಿಸು’ ಎಂಬ ಕ್ರಿಯಾಪದ ಆವಿ ಹನಿಯಾಗಿ ಇಳಿಯುವುದನ್ನು ಹೇಳುತ್ತದೆ. ‘ಅರ್ಕ’, ‘ಅರಕು’ಗಳ ಬಳಿ ಬರುವ ಅರಬ್ಬಿಯ ‘ಅರಕ್’ ಎಂಬುದಕ್ಕೆ ಬೆವರು ಎಂಬ ಅರ್ಥವಿದೆ. ಎರಡೂ ಕಣ್ಣಿಗೆ ಕಂಡದ್ದನ್ನು ಹಿಡಿದಿವೆ. ‘ಆಸವನ’ ಎಂಬ ಪದಕ್ಕೆ ಆ ಚಿತ್ರಶಕ್ತಿ ಇಲ್ಲ. ಅಜಿಯೋಟ್ರೋಪಿಗೆ ‘ಸ್ಥಿರ ಕುದಿ ಮಿಶ್ರಣ’ ಎಂದರೆ ಉಷ್ಣತೆಯ ಸ್ಥಿರತೆ ಮಾತ್ರ ತಿಳಿಯುತ್ತದೆ; ಸಂಯೋಜನೆ ಬದಲಾಗದಿರುವುದು ಮರೆಯಾಗುತ್ತದೆ. 1911ರಲ್ಲಿ ಗ್ರೀಕ್ ಮೂಲದಿಂದ ರೂಪಿಸಿದ ಆ ಪದದ ಆಶಯ ಬದಲಾಗದೆ ಕುದಿಯುವುದು ಎಂಬುದೇ ಆಗಿದೆ. ಗುಳ್ಳೆ ರೇಖೆ, ಇಬ್ಬನಿ ರೇಖೆ, ಸನ್ನೆ ನಿಯಮ ಎಂಬ ಪದಗಳಾದರೋ ಕೇಳಿದೊಡನೆ ಅರ್ಥ ಬಿಟ್ಟುಕೊಡುತ್ತವೆ.

ಒಟ್ಟಿನಲ್ಲಿ, ಉಷ್ಣತೆ–ಸಂಯೋಜನೆ ನಕ್ಷೆ ಎರಡು ಗೆರೆಗಳಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ನೀಡುತ್ತದೆ: ಯಾವ ಉಷ್ಣತೆಯಲ್ಲಿ ಕುದಿಯುತ್ತದೆ, ಆವಿಯಲ್ಲಿ ಏನಿರುತ್ತದೆ, ಎಷ್ಟು ಆವಿಯಾಗಿರುತ್ತದೆ. ಗೆರೆಗಳ ನಡುವಿನ ಅಂತರ ಬೇರ್ಪಡಿಸುವಿಕೆಯ ಸಾಧ್ಯತೆಯನ್ನೂ, ಅವು ಕೂಡುವ ಸ್ಥಾನ ಅದರ ಮಿತಿಯನ್ನೂ ತಿಳಿಸುತ್ತವೆ. ಇಷ್ಟನ್ನು ಕನ್ನಡದಲ್ಲಿ ಓದಲು ಕಲಿತ ವಿದ್ಯಾರ್ಥಿಗೆ ಇಂಗ್ಲಿಷಿನ ಪಠ್ಯದಲ್ಲಿ ಅದೇ ನಕ್ಷೆ ಎದುರಾದಾಗ ಹೊಸದಾಗಿ ಕಲಿಯಬೇಕಾಗಿರುವುದು ಹೆಸರುಗಳನ್ನು ಮಾತ್ರ.