ನೇಜಿ ತೇಲದ ಹಾಗೆ ಹಾಡಬೇಕು

ನಮ್ಮದು ಬಂಟ್ವಾಳ ತಾಲೂಕಿನ ಗುಡ್ಡದ ಬದಿ. ಮಳೆ ನಂಬಿ ಏಣೆಲು ಒಂದೇ ಬೆಳೆ ತೆಗೆಯುವ ಬೆಟ್ಟು ಗದ್ದೆ. ಹಿಂದೆಲ್ಲ ನೇಜಿ ನೆಡುವ ದಿನ ಇಪ್ಪತ್ತು ಜನ ಹೆಂಗಸರು ಸಾಲಾಗಿ ಬಗ್ಗಿದರೆಂದರೆ ಹಾಡು ಸುರುವಾಗುತ್ತಿತ್ತು. ಒಬ್ಬರು ಹೇಳಿಕೊಡುವುದು, ಉಳಿದವರು ಸೊಲ್ಲು ಎತ್ತುವುದು. ಒಮ್ಮೆ ಓ ಬೇಲೆ, ಒಮ್ಮೆ ಸಿರಿ ಪಾಡ್ದನ. ಈಗ ಸುತ್ತಮುತ್ತಲಿನ ಗದ್ದೆ ಹೆಚ್ಚಿನದ್ದೂ ಅಡಿಕೆ ತೋಟ. ಉಳಿದದ್ದಕ್ಕೆ ನಾಟಿ ಯಂತ್ರ. ಹಾಡಿಗೆ ಜಾಗ ಎಲ್ಲುಂಟು?

ನಾವು ಆರು ಜನ ಶನಿವಾರ ಭಜನೆ ಹೇಳುವವರು. ಮೂರು ವರ್ಷದ ಹಿಂದೆ, ಈ ಹಾಡುಗಳನ್ನು ಕಲಿತರೆ ಹೇಗೆ ಎಂಬ ಮಾತು ಬಂತು. ಕೀಬೋರ್ಡ್ ಬೇಡ, ದುಡಿ, ತಾಳ, ಕೊಳಲು ಸಾಕು ಅಂತ ತೀರ್ಮಾನ ಆಯ್ತು. ಹಾಡು ಗೊತ್ತಿದ್ದದ್ದು ಊರಲ್ಲಿ ಒಬ್ಬರಿಗೇ. ಎಂಬತ್ತು ದಾಟಿದ ಅಕ್ಕ, ನಮ್ಮ ಗದ್ದೆಗೂ ಬರುತ್ತಿದ್ದವರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಎರಡು ತಿಂಗಳಲ್ಲಿ ನಾಲ್ಕು ಹಾಡು ಕಲಿತೆವು.

ನಾವು ಮಾಡಿದ ಎರಡು ತಪ್ಪು

ಮೊದಲ ಕಾರ್ಯಕ್ರಮಕ್ಕೆ ಜನ ಚಪ್ಪಾಳೆ ತಟ್ಟಿದರು. ಸಂಭಾವನೆಯೂ ಸಿಕ್ಕಿತು. ಆರು ಪಾಲು ಮಾಡಿದೆವು. ಹೇಳಿಕೊಟ್ಟವರ ನೆನಪು ಒಬ್ಬರಿಗೂ ಬರಲಿಲ್ಲ! ಮುಂದಿನ ವಾರ ಅವರ ಮನೆಗೆ ಹೋದರೆ, "ನನಗೆ ಹಾಡು ಮರೆತುಹೋಗಿದೆ" ಅಂದುಬಿಟ್ಟರು. ಸಿಟ್ಟು ಎಲ್ಲಿಂದ ಅಂತ ಅರ್ಥವಾಗಲು ನಮಗೆ ಹದಿನೈದು ದಿನ ಬೇಕಾಯ್ತು. ಹೋಗಿ ತಪ್ಪಾಯ್ತು ಅಂದೆವು. ಅಂದಿನಿಂದ ಪಾಲು ಏಳು.

ಎರಡನೇ ತಪ್ಪನ್ನು ಅವರೇ ತೋರಿಸಿದರು. ನಮ್ಮ ಹಾಡು ಕೇಳಿ ನಕ್ಕರು. "ಇಷ್ಟು ಬೇಗ ನೆಟ್ಟರೆ ನೇಜಿ ತೇಲ್ತದೆ ಮಾರಾಯ್ರೆ. ಮತ್ತೆ ಆ ದುಡಿ ಯಾಕೆ? ಗದ್ದೆಯಲ್ಲಿ ಎರಡು ಕೈಗೂ ಕೆಲಸ, ಬಡಿಯುವುದು ಯಾರು?"

ಮಾತು ಸರಿ. ತೆಂಬರೆ ಬಡಿದು ಪಾಡ್ದನ ಹೇಳುವ ಕ್ರಮ ಭೂತದ ಕೋಲದಲ್ಲಿ ಉಂಟು. ನೆಡುವಾಗಿನ ಹಾಡಿಗೆ ತಾಳ ಅಂದರೆ ಬೆರಳು ಕೆಸರಿಗೆ ಇಳಿಯುವುದು, ಕಾಲು ಒಂದು ಹೆಜ್ಜೆ ಹಿಂದೆ ಸರಿಯುವುದು. ಆ ವರ್ಷ ನನ್ನ ಮೂವತ್ತು ಸೆಂಟ್ಸಿಗೆ ಯಂತ್ರ ಕರೆಯಲಿಲ್ಲ. ನಾವು ಆರು ಜನವೂ ಇಳಿದೆವು. ಅಕ್ಕ ಬದುವಿನಲ್ಲಿ ಕೂತು ಹೇಳಿಕೊಟ್ಟರು. ಅರ್ಧ ದಿನದಲ್ಲಿ ಸೊಂಟ ಹಿಡಿಯಿತು. ಆದರೆ ಉಸಿರು ಎಲ್ಲಿ ಬಿಡಬೇಕು ಅಂತ ಎರಡು ತಿಂಗಳಲ್ಲಿ ತಿಳಿಯದ್ದು ಅಲ್ಲಿ ತಿಳಿಯಿತು. ಈಗ ದುಡಿಯನ್ನು ಕೋಲದ ಹಾಡಿಗೆ ಮಾತ್ರ ಇಟ್ಟಿದ್ದೇವೆ.

ಗದ್ದೆಯವರದೇ ಸೊತ್ತು

ಇದು ಸಣ್ಣ ಸೊತ್ತಲ್ಲ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ 1886ರಲ್ಲೇ ಪಾಡ್ದನಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿತ್ತು. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಶಾಲೆ ಕಲಿತವರಲ್ಲ, ಗದ್ದೆ ಕೆಲಸದವರು. ಅವರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡರು 1990ರಲ್ಲಿ ದಾಖಲಿಸಿದರು. 1998ರಲ್ಲಿ ಪುಸ್ತಕವಾಯ್ತು. ಒಟ್ಟು 15,683 ಸಾಲು! ಇಷ್ಟೂ ಒಬ್ಬ ಕೃಷಿಕರ ತಲೆಯೊಳಗಿತ್ತು.

ಅಕ್ಕನ ತಂಗಿಯನ್ನು ಮದುವೆ ಮಾಡಿಕೊಟ್ಟದ್ದು ಮೂಡುಬಿದಿರೆ ಕಡೆಗೆ. ಅದೇ ಹಾಡನ್ನು ಅವರು ಬೇರೆಯೇ ರೀತಿ ಹೇಳುತ್ತಾರೆ. ಯಾವುದು ಸರಿ ಅಂತ ನಾವು ವಾದ ಮಾಡಲಿಲ್ಲ. ಎರಡನ್ನೂ ಬೇರೆ ಬೇರೆ ಬರೆದಿಟ್ಟೆವು. ಅರ್ಥವಾಗದ ಶಬ್ದ ಬಂದರೆ ಹಾಗೆಯೇ ಬಿಡುತ್ತೇವೆ, ನಮ್ಮದು ಸೇರಿಸುವುದಿಲ್ಲ. ಈಗ ಹನ್ನೊಂದು ಹಾಡು ಆಗಿದೆ. ನನ್ನ ಸೊಸೆ, ಪಕ್ಕದ ಮನೆಯ ಇಬ್ಬರು ಹುಡುಗಿಯರು ಸೇರಿದ ಮೇಲೆ ಸೊಲ್ಲಿಗೆ ಸರಿಯಾದ ಸ್ವರ ಬಂದಿದೆ. ಇದು ಹೆಂಗಸರ ಹಾಡೇ ಅಲ್ಲವೇ?

ಅಕ್ಕನಿಗೆ ಈ ವರ್ಷ ಗದ್ದೆಯ ತನಕ ನಡೆಯಲು ಕೂಡುವುದಿಲ್ಲ. ಇನ್ನೂ ಎರಡು ಉದ್ದದ ಪಾಡ್ದನ ಅವರಲ್ಲಿ ಉಳಿದಿದೆ. ಭತ್ತ ಬಿಟ್ಟ ಓದುಗರ ಊರಲ್ಲೂ ಇಂಥ ಒಬ್ಬರು ಇರಬಹುದು. ತೋಟದ ಕೆಲಸ ಒಂದು ದಿನ ತಡವಾದರೂ ಅಡ್ಡಿಯಿಲ್ಲ, ಹೋಗಿ ಕೂತು ಕೇಳಿ. ಹೋಗುವಾಗ ವೀಳ್ಯದೆಲೆ, ಅಡಿಕೆ ಇರಲಿ. ಹಾಡಿನಿಂದ ಹಣ ಬಂದರೆ ಅವರ ಪಾಲನ್ನು ಮೊದಲು ತೆಗೆದಿಡಿ.