ಒಂದು ಸಾಲಿನ ಮೆಸೇಜ್‌ಗೆ ಇಡೀ ಲೈಬ್ರರಿ ಯಾಕೆ ಬೇಕಿತ್ತು?

ಇವತ್ತಿನ ಎಪಿಸೋಡ್‌ನ ವಿಷಯ ಡಿಪೆಂಡೆನ್ಸಿ. ಪದ ಕೇಳಿ ಸ್ಕಿಪ್ ಮಾಡಬೇಡಿ. ನಾನು ಓದಿದ್ದು ಬಿಕಾಂ, ಹಾಗಾಗಿ ಸಾಲ, ಜಾಮೀನಿನ ಭಾಷೆಯಲ್ಲೇ ಹೇಳ್ತೀನಿ.

ಯಾವ ಸಾಫ್ಟ್‌ವೇರೂ ಎಲ್ಲ ಕೆಲಸ ತಾನೇ ಮಾಡಲ್ಲ. ಫೈಲ್ ಕುಗ್ಗಿಸೋಕೆ ಒಂದು, ಲಾಗ್ ಓದೋಕೆ ಇನ್ನೊಂದು ಅಂತ ಬೇರೆಯವರು ಬರೆದ ಲೈಬ್ರರಿಗಳನ್ನ ಬಳಸುತ್ತೆ. ಅದೇ ಡಿಪೆಂಡೆನ್ಸಿ. ಆ ಲೈಬ್ರರಿಗೂ ಅದರದ್ದೇ ಡಿಪೆಂಡೆನ್ಸಿ ಇರುತ್ತೆ. ನೀವು ಒಬ್ಬರಿಗೆ ಜಾಮೀನು ಹಾಕಿದ್ರಿ, ಅವರು ಇನ್ಯಾರಿಗೋ ಹಾಕಿದ್ದಾರೆ ಅಂದ್ಕೊಳ್ಳಿ. ಆ ಮೂರನೆಯವರ ಮುಖ ನೀವು ನೋಡಿಲ್ಲ, ಆದ್ರೆ ಹೊಡೆತ ನಿಮ್ಮ ತನಕ ಬರುತ್ತೆ.

2024ರ ಮಾರ್ಚ್‌ನಲ್ಲಿ ಆಗಿದ್ದು ಇದೇ. ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ರು. ಗುರಿ ಎಕ್ಸ್‌ಝಡ್ ಅಲ್ಲ, ದೂರದಿಂದ ಸರ್ವರ್‌ಗೆ ಲಾಗಿನ್ ಆಗೋಕೆ ಬಳಸೋ ಓಪನ್‌ಎಸ್‌ಎಸ್‌ಎಚ್. ಗುಪ್ತ ಕೀ ಇದ್ದವರು ಪಾಸ್‌ವರ್ಡ್ ಇಲ್ಲದೆ ಒಳಗೆ ಕಮಾಂಡ್ ಓಡಿಸಬಹುದಿತ್ತು. ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್, ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನ ಆಗ್ತಿದೆಯಲ್ಲ ಅಂತ ಬೆನ್ನು ಹತ್ತಿ ಇದನ್ನ ಹಿಡಿದ್ರು. ಅಷ್ಟರಲ್ಲಿ ಅದು ಡೆಬಿಯನ್, ಫೆಡೋರಾಗಳ ಪರೀಕ್ಷಾ ಆವೃತ್ತಿಗಳನ್ನ ತಲುಪಿತ್ತು.

ಈಗ ಅಸಲಿ ಪ್ರಶ್ನೆ. ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ಏನು ಸಂಬಂಧ? ಮೂಲ ಕೋಡ್‌ನಲ್ಲಿ ಏನೂ ಇಲ್ಲ! ಮೂಲ ಕೋಡನ್ನ ನಾವು ಇನ್‌ಸ್ಟಾಲ್ ಮಾಡೋ ರೂಪಕ್ಕೆ ತರೋರು ಪ್ಯಾಕೇಜರ್‌ಗಳು. ‘ಸರ್ವರ್ ಶುರುವಾಯ್ತು’ ಅಂತ ಸಿಸ್ಟಮ್‌ಡಿಗೆ ತಿಳಿಸಲಿ ಅಂತ ಕೆಲವು ಲಿನಕ್ಸ್‌ಗಳ ಪ್ಯಾಕೇಜರ್‌ಗಳು ಲಿಬ್‌ಸಿಸ್ಟಮ್‌ಡಿ ಲೈಬ್ರರಿಯನ್ನ ಜೋಡಿಸಿದ್ರು. ಅದು ಕುಗ್ಗಿಸಿದ ಲಾಗ್ ಓದೋಕೆ ಎಕ್ಸ್‌ಝಡ್‌ನ ಲೈಬ್ರರಿಯನ್ನ ಎಳ್ಕೊಂಡು ಬಂತು. ಕಳುಹಿಸಬೇಕಿದ್ದ ಮೆಸೇಜ್ ಎಷ್ಟು ಗೊತ್ತಾ? ‘ರೆಡಿ=1’. ಅಷ್ಟೇ.

ಆಮೇಲೆ ರಿಪೇರಿ ಆದದ್ದೂ ಅಲ್ಲೇ. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8, ಆ ಮೆಸೇಜನ್ನ ಲೈಬ್ರರಿ ಇಲ್ಲದೆ ತಾನೇ ಕಳಿಸೋಕೆ ಶುರು ಮಾಡ್ತು. ಸಿಸ್ಟಮ್‌ಡಿ 256ರಲ್ಲಿ ಕಂಪ್ರೆಷನ್ ಲೈಬ್ರರಿಗಳು ಬೇಕಾದಾಗ ಮಾತ್ರ ಲೋಡ್ ಆಗ್ತವೆ.

ಹಾಗಾದ್ರೆ ಪ್ಯಾಕೇಜರ್ ಏನು ನೋಡಬೇಕು? ಪಟ್ಟಿಯ ಪ್ರತಿ ಹೆಸರಿಗೂ ಒಂದು ಪ್ರಶ್ನೆ: ಇದಿಲ್ಲದೆ ಪ್ರೋಗ್ರಾಂ ಓಡೋದೇ ಇಲ್ವಾ? ಓಡಲ್ಲ ಅಂದ್ರೆ ಡೆಬಿಯನ್‌ನಲ್ಲಿ ಅದು ‘ಡಿಪೆಂಡ್ಸ್’. ಓಡುತ್ತೆ, ಆದ್ರೆ ಹೆಚ್ಚಿನವರಿಗೆ ಬೇಕಾಗುತ್ತೆ ಅಂದ್ರೆ ‘ರೆಕಮೆಂಡ್ಸ್’. ಇದ್ರೆ ಒಳ್ಳೇದು ಅಷ್ಟೇ ಅಂದ್ರೆ ‘ಸಜೆಸ್ಟ್ಸ್’. ಲಿಂಕ್ ಮಾಡಿ ಬಳಸದೇ ಬಿಟ್ಟ ಲೈಬ್ರರಿ ಇದ್ರೆ ಪ್ಯಾಕೇಜ್ ಕಟ್ಟೋ ಟೂಲ್‌ಗಳೇ ಎಚ್ಚರಿಸ್ತವೆ. ಆದ್ರೆ ಇಲ್ಲಿ ಲೈಬ್ರರಿ ನಿಜವಾಗಿ ಬಳಕೆಯಲ್ಲಿತ್ತು, ಅತಿ ಸಣ್ಣ ಕೆಲಸಕ್ಕೆ. ಅಂಥದ್ದನ್ನ ಟೂಲ್ ಹಿಡಿಯಲ್ಲ, ಮನುಷ್ಯರೇ ಕೂತು ನೋಡಬೇಕು.

ಹಾಗಂತ ಎಲ್ಲವನ್ನೂ ಕಿತ್ತು ನಾವೇ ಬರೆಯೋದೂ ಜಾಣತನ ಅಲ್ಲ. ಎನ್‌ಕ್ರಿಪ್ಷನ್ ಥರದ ಕಷ್ಟದ ಕೆಲಸಕ್ಕೆ ನುರಿತವರ ಲೈಬ್ರರಿಯೇ ಸರಿ. ಅದರ ಕೋಡ್ ಕಾಪಿ ಮಾಡಿ ನಮ್ಮೊಳಗೆ ಇಟ್ಕೊಂಡ್ರೆ, ಮುಂದೆ ಅಲ್ಲಿ ದೋಷ ಸರಿಪಡಿಸಿದಾಗ ನಮ್ಮ ಕಾಪಿ ಹಳೇದಾಗೇ ಉಳಿಯುತ್ತೆ. ಬೇಕಾಗಿರೋದು ಅಳತೆ: ಸಿಗೋ ಲಾಭ ಎಷ್ಟು, ಹೊರೋ ಜಾಮೀನು ಎಷ್ಟು.

ನಿಮ್ಮ ಫೋನ್‌ನ ಆ್ಯಪ್‌ಗಳ ಹಿಂದಿನ ಸರ್ವರ್‌ಗಳಲ್ಲಿ ಬಹುಪಾಲು ಓಡೋದು ಲಿನಕ್ಸ್ ಮೇಲೇ. ಹಾಗಾಗಿ ಯಾರೋ ಪ್ಯಾಕೇಜರ್ ಪಟ್ಟಿಯಿಂದ ಒಂದು ಹೆಸರು ಅಳಿಸಿದ್ರೂ ಅದು ನಿಮಗೆ ಸಂಬಂಧಪಟ್ಟ ವಿಷಯವೇ. ನಿಮ್ಮಲ್ಲಿ ಯಾರಾದ್ರೂ ಕೋಡ್ ಬರೆಯೋರಿದ್ರೆ, ನಿಮ್ಮ ಪ್ರಾಜೆಕ್ಟ್‌ನ ಡಿಪೆಂಡೆನ್ಸಿ ಪಟ್ಟಿ ಇವತ್ತೇ ಒಮ್ಮೆ ತೆಗೆದು ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.