ನಲವತ್ತರ ಮ್ಯಾಲ ಒಯ್ಯಬ್ಯಾಡ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿಗೆ ಐವತ್ತು ಲಕ್ಷದ ಕಾರು ತಂದರೆ ಜನ ಬೆರಗಾಗುತ್ತಾರೆ ಎಂದುಕೊಳ್ಳಬೇಡಿ. ಇದೇ ತಾಲ್ಲೂಕಿನ ಮಾಡಗ್ಯಾಳ ಊರಿನ ಹೆಸರಲ್ಲೊಂದು ಕುರಿ ತಳಿಯಿದೆ. ಆ ತಳಿಯ ಟಗರೊಂದನ್ನು 2020ರಲ್ಲಿ 70 ಲಕ್ಷ ರೂಪಾಯಿಗೆ ಕೇಳಿದರೂ ಮಾಲೀಕ ಕೊಡಲಿಲ್ಲ ಎಂದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಈಗ ಇದೇ ತಾಲ್ಲೂಕಿನ ತಿಕೋಂಡಿಯ ಹುಡುಗನೊಬ್ಬ ಬೆಂಗಳೂರಿನಲ್ಲಿ ದುಡಿದು, ಅಲ್ಲೇ ಒಂದು ಸ್ಪೋರ್ಟ್ಸ್ ಕಾರು ಕೊಂಡು ಊರ ದಾರಿ ಹಿಡಿದ ಎಂದಿಟ್ಟುಕೊಳ್ಳಿ. ಕಟ್ಟೆಯ ಮೇಲಿನ ಹಿರಿಯರು ಬೆಲೆ ಕೇಳಿ ಹುಬ್ಬೇರಿಸುವುದಿಲ್ಲ. ಉಪದೇಶ ಕೊಡುತ್ತಾರೆ, ಅದೂ ಕಾರು ತುಮಕೂರು ದಾಟುವ ಮೊದಲೇ, ಫೋನಿನಲ್ಲಿ.

ಈ ಉಪದೇಶಗಳಲ್ಲಿ ಅರ್ಧದಷ್ಟು ಒಂದು ಕಾಲಕ್ಕೆ ನಿಜವೇ ಆಗಿದ್ದವು. ಟ್ರ್ಯಾಕ್ಟರಿಗೆ, ಅಂಬಾಸಿಡರಿಗೆ ಹೊಂದುತ್ತಿದ್ದ ಮಾತುಗಳು ಗಾಡಿ ಬದಲಾದರೂ ಬದಲಾಗದೆ ಉಳಿದಿವೆ.

“ಹೊಸಾ ಗಾಡಿ ಐತಿ, ಸಾವಿರ ಕಿಲೋಮೀಟರ ಆಗೂತನಾ ನಲವತ್ತರ ಮ್ಯಾಲ ಒಯ್ಯಬ್ಯಾಡ.” ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ. ಹಳೆಯ ಎಂಜಿನ್ನುಗಳಲ್ಲಿ ಸಿಲಿಂಡರಿನ ಒಳಗೋಡೆ ಒರಟಾಗಿರುತ್ತಿತ್ತು. ಪಿಸ್ಟನ್ನಿನ ಉಂಗುರಗಳು ಅದರ ಮೇಲೆ ಉಜ್ಜಿ ಉಜ್ಜಿ ತಮ್ಮ ಜಾಗ ಮಾಡಿಕೊಳ್ಳಬೇಕಿತ್ತು. ಬಿಸಿ ಮಿತಿಮೀರಿದರೆ ಕಚ್ಚಿಕೊಳ್ಳುವ ಭಯವೂ ಇತ್ತು. ಈಗ ಆ ಗೋಡೆಯ ಏಣುಗಳನ್ನು ಕಾರ್ಖಾನೆಯಲ್ಲೇ ಸವರಿ, ಎಣ್ಣೆ ನಿಲ್ಲುವಷ್ಟು ಗೀರು ಮಾತ್ರ ಉಳಿಸಿರುತ್ತಾರೆ. ಪಳಗಿಸುವ ಕೆಲಸ ಕಡಿಮೆಯಾಗಿದೆಯೇ ಹೊರತು ಪೂರ್ತಿ ಮುಗಿದಿಲ್ಲ. ಬಿಎಂಡಬ್ಲ್ಯು ಕಂಪನಿ ತನ್ನ ಎಂ ಕಾರುಗಳಿಗೆ 2000 ಕಿಲೋಮೀಟರಿಗೆ ಒಂದು ಪ್ರತ್ಯೇಕ ಸರ್ವಿಸ್ ಇಟ್ಟು ಎಣ್ಣೆ ಬದಲಿಸುವುದು ಇದಕ್ಕಾಗಿಯೇ.

ತಪ್ಪಿರುವುದು ಪಳಗಿಸುವುದರ ಅರ್ಥದಲ್ಲಿ. ಉಂಗುರವನ್ನು ಗೋಡೆಗೆ ಒತ್ತಿ ಹಿಡಿಯುವುದು ಉರಿದ ಅನಿಲದ ಒತ್ತಡ. ಮೇಲಿನ ಗೇರಿನಲ್ಲಿ ನಲವತ್ತರಲ್ಲಿ ಗೊಣಗಿಸುತ್ತ ಎಳೆದರೆ ಎಂಜಿನ್ನಿಗೆ ಹಿತವೇನೂ ಆಗುವುದಿಲ್ಲ, ಹಿಂಸೆಯೇ ಆಗುತ್ತದೆ. ಅದಕ್ಕಿಂತ ಕೆಟ್ಟ ಆಮಿಷ ಚಿತ್ರದುರ್ಗದಾಚೆ ಕಾದಿರುತ್ತದೆ. ಹೊಸಪೇಟೆ, ಇಳಕಲ್ಲು, ನಿಡಗುಂದಿ ಮಾರ್ಗವಾಗಿ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಕ್ರೂಸ್ ಕಂಟ್ರೋಲಿಗೆಂದೇ ಹಾಸಿದಂತಿದೆ. ಗುಂಡಿ ಒತ್ತಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗುವುದನ್ನೇ ಕಾರಿನ ಕೈಪಿಡಿಗಳು ಮೊದಲ ಸಾವಿರ ಕಿಲೋಮೀಟರಿನಲ್ಲಿ ಬೇಡ ಎನ್ನುತ್ತವೆ. ಎಂಜಿನ್ನಿನ ಸುತ್ತು ಏರಬೇಕು, ಇಳಿಯಬೇಕು. ಪೆಡಲನ್ನು ಮಾತ್ರ ನೆಲಕ್ಕೆ ಅದುಮಬಾರದು. ಎಂಬತ್ತು, ತೊಂಬತ್ತು, ಮತ್ತೆ ಎಪ್ಪತ್ತು, ನಡುವೆ ಒಂದು ಚಹಾ.

ಸಾವಕಾಶ ಬೇಕಿರುವುದು ಯಾರೂ ಹೆಸರೆತ್ತದ ಎರಡು ವಸ್ತುಗಳಿಗೆ. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಬಳಿದ ಜಾರುಪದಾರ್ಥದ ಪೊರೆ ಇರುತ್ತದೆ. ಹೊಸ ಬ್ರೇಕ್ ಪ್ಯಾಡ್ ಡಿಸ್ಕಿನ ಜೊತೆ ಇನ್ನೂ ಹೊಂದಿಕೊಂಡಿರುವುದಿಲ್ಲ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಚಿತ್ರದುರ್ಗ ದಾಟುವವರೆಗೆ, ಆ ದುಬಾರಿ ಕಾರು ತನ್ನ ಪೂರ್ತಿ ಹಿಡಿತದಲ್ಲಿ ನಿಲ್ಲಲಾರದು.

“ಹೊರಡೂಕಿಂತ ಮೊದಲ ಹತ್ತ ನಿಮಿಷ ಚಾಲೂ ಇಟ್ಟ ಬಿಡು.” ಬೇಕಿಲ್ಲ. ಹೊರಟು, ಎಣ್ಣೆ ಬಿಸಿಯಾಗುವ ತನಕ ಮೃದುವಾಗಿ ಓಡಿಸಿದರೆ ಸಾಕು. ನೀರಿನ ಬಿಸಿ ತೋರುವ ಮುಳ್ಳು ಮೇಲೆದ್ದ ಮೇಲೂ ಎಣ್ಣೆ ಬಿಸಿಯಾಗಲು ಇನ್ನಷ್ಟು ಹೊತ್ತು ಹಿಡಿಯುತ್ತದೆ.

ಗಾಳಿಯ ಉಪದೇಶ ಮಾತ್ರ ಜೀವಕ್ಕೇ ಕುತ್ತು ತರುವಂಥದ್ದು. “ಬಿಸಲಾಗ ಟಾಯರ ಉಬ್ಬತೈತಿ, ಎರಡ ಪಾಯಿಂಟ ಕಡಿಮಿ ಹಾಕ್ಸು.” ಕೇಳಲು ಸರಿ ಅನಿಸುತ್ತದೆ: ಬಿಸಿಯಾದರೆ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ಒಡೆಯುತ್ತದೆ. ಆದರೆ ಟೈರು ಬಿಸಿಯಾಗುವುದು ಬಿಸಿಲಿಗಿಂತ ಹೆಚ್ಚಾಗಿ ತನ್ನದೇ ಬಾಗುವಿಕೆಯಿಂದ. ಗಾಳಿ ಕಡಿಮೆಯಾದಷ್ಟೂ ಪ್ರತಿ ಸುತ್ತಿಗೂ ಪಕ್ಕದ ಗೋಡೆ ಹೆಚ್ಚು ಮಡಚಿ ಬಿಚ್ಚುತ್ತದೆ. ತಂತಿಯೊಂದನ್ನು ಪದೇ ಪದೇ ಬಗ್ಗಿಸಿದರೆ ಬಿಸಿಯಾಗಿ ಮುರಿಯುವುದಿಲ್ಲವೇ, ಹಾಗೆ. ಹೆದ್ದಾರಿಯಲ್ಲಿ ಟೈರು ಸಿಡಿಯಲು ದೊಡ್ಡ ಕಾರಣಗಳಲ್ಲಿ ಒಂದು ಕಡಿಮೆ ಗಾಳಿ. ಓಡುವಾಗ ಒತ್ತಡ ಏರುವುದನ್ನು ಕಂಪನಿಯವರು ಲೆಕ್ಕ ಹಿಡಿದೇ ಬಾಗಿಲ ಚೌಕಟ್ಟಿನ ಮೇಲೆ ಅಂಕಿ ಬರೆದಿರುತ್ತಾರೆ. ಆ ಅಂಕಿ ತಣ್ಣಗಿರುವ ಟೈರಿನದು. ನಡುಹಾದಿಯಲ್ಲಿ ಅಳೆದು, ನಾಲ್ಕು ಹೆಚ್ಚಿದೆ ಎಂದು ಗಾಳಿ ಬಿಟ್ಟರೆ ಸಿಡಿಯುವ ಅಪಾಯವನ್ನು ಕೈಯಾರೆ ಕರೆದಂತೆ. ಒಂದು ವಿಷಯ ಮಾತ್ರ ತಿರುವುಮುರುವು: ಲಾರಿಯಲ್ಲಿ, ಗೋದಾಮಿನಲ್ಲಿ ವಾರಗಟ್ಟಲೆ ನಿಲ್ಲುವ ಹೊಸ ಕಾರುಗಳಿಗೆ ಹೆಚ್ಚು ಗಾಳಿ ತುಂಬಿರುವುದುಂಟು. ಕೀಲಿಕೈ ಪಡೆದ ದಿನವೇ, ಕಾರು ತಣ್ಣಗಿರುವಾಗ ಅಳೆಸುವುದು ಒಳ್ಳೆಯದು. ಇನ್ನು ನೈಟ್ರೋಜನ್ ಹಾಕಿಸಿದರೆ ಟೈರು ಸಿಡಿಯುವುದೇ ಇಲ್ಲ ಎನ್ನುವವರಿಗೆ ಒಂದು ಮಾತು: ಪುಕ್ಕಟೆ ಗಾಳಿಯಲ್ಲೂ ನೂರಕ್ಕೆ 78 ಪಾಲು ಅದೇ ಇದೆ.

“ಪವರ ಪೆಟ್ರೋಲ ಹಾಕಿದ್ರ ಗಾಡಿ ಹಾರತೈತಿ.” ಆಕ್ಟೇನ್ ಎಂಬುದು ಇಂಧನದ ಶಕ್ತಿಯ ಅಳತೆಯಲ್ಲ, ತಾಳ್ಮೆಯ ಅಳತೆ. ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದಿರುವ ಗುಣ ಅದು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ತಂದ ಎಕ್ಸ್‌ಪಿ100 ಎಂಬ 100 ಆಕ್ಟೇನಿನ ಪೆಟ್ರೋಲನ್ನು ಸಾಮಾನ್ಯ ಕಾರಿಗೆ ಹಾಕಿದರೆ ಜೇಬು ಮಾತ್ರ ಹಗುರವಾಗುತ್ತದೆ. ಟರ್ಬೊ ಇರುವ ಬಿರುಸಿನ ಎಂಜಿನ್ನಿಗೆ ಪ್ರಯೋಜನವಿದೆ, ಏಕೆಂದರೆ ಅದರೊಳಗಿನ ಒತ್ತಡವೇ ಹೆಚ್ಚು. ಇಂಧನದ ಮುಚ್ಚಳದ ಒಳಗೆ 95 ಎಂದಿದ್ದರೆ 95, 98 ಎಂದಿದ್ದರೆ 98. ಸಿಗದ ಊರಿನಲ್ಲಿ ಕಡಿಮೆಯದನ್ನು ಹಾಕಿದರೆ ಎಂಜಿನ್ ಒಡೆಯುತ್ತದೆ ಎಂಬುದೂ ಅತಿಯೇ. ಬಡಿತ ಗುರುತಿಸುವ ಸೆನ್ಸರು ಕಿಡಿಯನ್ನು ತಡಮಾಡಿಸಿ, ಶಕ್ತಿ ತಗ್ಗಿಸಿ ಸಂಭಾಳಿಸುತ್ತದೆ, ಕಾಲು ಹಗುರವಾಗಿದ್ದರಾಯಿತು. ಅಂದಹಾಗೆ, ನಮ್ಮ ಸಾಂಗಲಿ ಸೀಮೆಯ ಕಬ್ಬಿನಿಂದ ಬರುವ ಎಥನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಮೇಲು, ಶಕ್ತಿ ಮಾತ್ರ ಲೀಟರಿಗೆ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆಕ್ಟೇನ್, ಶಕ್ತಿ ಎರಡೂ ಬೇರೆ ಬೇರೆ ಎನ್ನಲು ಇದಕ್ಕಿಂತ ಹತ್ತಿರದ ಪುರಾವೆ ಬೇಕಿಲ್ಲ.

ಈಗ ಗಡಿಯ ಮಾತು. “ಬೆಂಗಳೂರಾಗ ತಗೊಂಡ್ರ ಅಲ್ಲಿ ಟ್ಯಾಕ್ಸ ಕಟ್ಟಬೇಕು, ಇಲ್ಲಿನೂ ಕಟ್ಟಬೇಕು.” ಹಾಗಿಲ್ಲ. ಮೋಟಾರು ವಾಹನ ಕಾಯ್ದೆ 1988ರ 40ನೇ ಕಲಮಿನ ಪ್ರಕಾರ ನೋಂದಣಿ ಆಗಬೇಕಾದದ್ದು ಮಾಲೀಕನ ವಾಸ ಅಥವಾ ವ್ಯವಹಾರದ ಸ್ಥಳವಿದ್ದು, ಗಾಡಿ ಸಾಮಾನ್ಯವಾಗಿ ನಿಲ್ಲುವ ರಾಜ್ಯದಲ್ಲಿ. ಕಾರು ತಿಕೋಂಡಿಯಲ್ಲೇ ನಿಲ್ಲುವುದಾದರೆ ಬೆಂಗಳೂರಿನಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ, ಹಳದಿ ಹಲಗೆಯ ಮೇಲೆ ಕೆಂಪು ಅಕ್ಷರದ ನಂಬರಿನೊಂದಿಗೆ ಹೊರಟು, ಸಾಂಗಲಿಯಲ್ಲಿ ಎಂಎಚ್ 10 ಪಡೆಯಬಹುದು. ಈ ತಾತ್ಕಾಲಿಕ ನೋಂದಣಿಗೆ ಅವಧಿಯ ಮಿತಿಯಿದೆ. ಪತ್ರದ ಮೇಲಿನ ತಾರೀಖು ಮೀರದಂತೆ ನೋಡಿಕೊಂಡರಾಯಿತು.

ಇದರಲ್ಲಿ ಹಣದ ಲೆಕ್ಕವೂ ಇದೆ. 2024ರ ದರದಂತೆ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ಶೇ. 11 ಸೆಸ್, ಮಹಾರಾಷ್ಟ್ರದಲ್ಲಿ ಶೇ. 13. ಐವತ್ತು ಲಕ್ಷದ ಕಾರಿಗೆ ಒಂದು ಕಡೆ ಹತ್ತಿರ ಹತ್ತಿರ ಹತ್ತು ಲಕ್ಷ, ಇನ್ನೊಂದು ಕಡೆ ಆರೂವರೆ. ವಿಜಯಪುರದ ಭಾವನ ವಿಳಾಸ ಕೊಟ್ಟು ಕೆಎ 28 ಹಾಕಿಸಿಕೊಳ್ಳುವ ಆಸೆ ನಮ್ಮ ಕಡೆ ಹಲವರಿಗಿದೆ. ಕಾನೂನನ್ನು ಬದಿಗಿಟ್ಟರೂ ಅಭಿಮಾನಕ್ಕೆ ಮೂರೂವರೆ ಲಕ್ಷ ಸ್ವಲ್ಪ ತುಟ್ಟಿಯೇ.

ಎಂಎಚ್ ಗಾಡಿ ಕಂಡರೆ ಕರ್ನಾಟಕದಲ್ಲಿ ಹಿಡಿಯುತ್ತಾರೆ ಎಂಬ ಭಯದ ಬೇರು ಕಾನೂನಿನಲ್ಲಿಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತ ತಾಲ್ಲೂಕಿನ ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸುವ ಮಾತೆತ್ತಿದರು. ಡಿಸೆಂಬರಿನಲ್ಲಿ ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಆ ದಿನಗಳ ಅಳುಕು ಇನ್ನೂ ಹೋಗಿಲ್ಲ. ಕಾಯ್ದೆಯ 47ನೇ ಕಲಮು ಹೇಳುವುದಿಷ್ಟೇ: ಒಂದು ರಾಜ್ಯದ ಗಾಡಿ ಇನ್ನೊಂದರಲ್ಲಿ 12 ತಿಂಗಳು ಮೀರಿ ಉಳಿದರೆ ಹೊಸ ನಂಬರು ಪಡೆಯಬೇಕು. ವಿಜಯಪುರದ ಸಂತೆಗೋ ಮದುವೆಗೋ ಬಂದು ಹೋಗುವುದಕ್ಕೆ ಅದು ಅಡ್ಡ ಬರುವುದಿಲ್ಲ.

“ದೊಡ್ಡ ಬ್ರೇಕ ಅದಾವು, ಎಷ್ಟ ಜೋರ ಹೋದ್ರೂ ಗಪ್ಪಂತ ನಿಲ್ಲತೈತಿ.” ಇದನ್ನು ಹೇಳುವವನು ಹಿರಿಯನಲ್ಲ, ಕಾರಿನ ಒಡೆಯನೇ. ನೂರರ ವೇಗದಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ಸಾಮಾನ್ಯ ಕಾರು ಬ್ರೇಕ್ ಹಿಡಿದ ಮೇಲೆ ನಿಲ್ಲಲು 40 ಮೀಟರಿನ ಆಸುಪಾಸು ಬೇಕು. ಒಳ್ಳೆಯ ಸ್ಪೋರ್ಟ್ಸ್ ಕಾರು 35ರಲ್ಲಿ ನಿಲ್ಲಬಹುದು. ಲಕ್ಷಗಟ್ಟಲೆ ಸುರಿದು ಗಳಿಸಿದ್ದು ಐದು ಮೀಟರ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಕಂಡದ್ದನ್ನು ಮೆದುಳು ಗ್ರಹಿಸಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದೂವರೆ ಸೆಕೆಂಡು, 42 ಮೀಟರ್ ಹೋಗಿಬಿಟ್ಟಿರುತ್ತದೆ. ವಿಜಯಪುರದಾಚೆ ನಾಲ್ಕು ಪಥ ಮುಗಿದು, ಕತ್ತಲಾಗಿ, ಕಬ್ಬಿನ ಸುಗ್ಗಿಯೂ ಆಗಿದ್ದರೆ, ಹಿಂದೆ ಒಂದು ದೀಪವೂ ಇಲ್ಲದ ಜೋಡಿ ಟ್ರಾಲಿಯ ಟ್ರ್ಯಾಕ್ಟರ್ ಎದುರಾಗಲು ಎಷ್ಟು ಹೊತ್ತು? 2018ರ ಕೇಂದ್ರದ ಅಧಿಸೂಚನೆ ಕಾರಿಗೆ ವಿಭಜಕವಿರುವ ನಾಲ್ಕು ಪಥದಲ್ಲಿ 100, ಇಂಥ ಉಳಿದ ರಸ್ತೆಗಳಲ್ಲಿ 70 ಎಂದು ಮಿತಿ ಹಾಕಿತ್ತು. ಕಟ್ಟೆಯ ಹಿರಿಯರ ‘ನಲವತ್ತು’ ಎಲ್ಲಾದರೂ ಹೊಂದುವುದಾದರೆ ಅದು ಇಲ್ಲಿ, ಈ ಕತ್ತಲಲ್ಲಿ.

ಕೊನೆಗೆ ಊರ ಬಾಯಿಯ ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಲ್ಲಿ ಅದರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನಮ್ಮ ಹಳ್ಳಿಗಳಲ್ಲಿ ಅದನ್ನು ಕಟ್ಟುವವರು ಎತ್ತರವನ್ನು ಅಂದಾಜಿಗೂ ಅಗಲವನ್ನು ಉಳಿದ ಡಾಂಬರಿಗೂ ಬಿಡುತ್ತಾರೆ. ಓರೆಯಾಗಿ ದಾಟಿಸು ಎಂಬ ಉಪದೇಶ ಇಲ್ಲಿ ಅಪ್ಪಟ ಸತ್ಯ: ಒಂದೊಂದೇ ಚಕ್ರ ಏರುವುದರಿಂದ ಹೊಟ್ಟೆ ತಾಗುವುದು ತಪ್ಪುತ್ತದೆ. ಹಿಂದೆ ಕೂತವರು ಇಳಿದು ನಡೆದರೆ ಇನ್ನೂ ಒಂದಿಷ್ಟು ಎತ್ತರ ಸಿಗುತ್ತದೆ.

ಮನೆ ಮುಂದೆ ಅಜ್ಜಿ ಇಳಿ ತೆಗೆಯಲಿ, ಚಕ್ರದಡಿ ನಿಂಬೆಹಣ್ಣು ಇಡಲಿ. ನಿಂಬೆಯಿಂದ ಯಾವ ಟೈರಿಗೂ ಕೇಡಿಲ್ಲ. ಒಡೆದ ತೆಂಗಿನ ಚಿಪ್ಪನ್ನು ಮಾತ್ರ ಯಾರಾದರೂ ಬೇಗ ಗುಡಿಸಬೇಕು. 245/35 ಎಂದು ಬರೆದ ಟೈರಿನ ಪಕ್ಕದ ಗೋಡೆ ಬರೀ 86 ಮಿಲಿಮೀಟರ್ ಎತ್ತರ. ಇಂಥ ಕಾರುಗಳಲ್ಲಿ ಹಲವಕ್ಕೆ ಸ್ಟೆಪ್ನಿಯೇ ಇರುವುದಿಲ್ಲ, ಡಿಕ್ಕಿಯಲ್ಲಿರುವ ಅಂಟಿನ ಡಬ್ಬಿ ಗೋಡೆ ಸೀಳಿದರೆ ಕೆಲಸಕ್ಕೆ ಬಾರದು, ಮತ್ತು ಆ ಅಳತೆಯ ಟೈರು ಜತ್ತದ ಅಂಗಡಿಯಲ್ಲಿ ಸಿಗುವಂಥದ್ದಲ್ಲ.